ನಿಮಗಿದು ಗೊತ್ತೇ? – ಪುಣಕ ವಿಷಯದಿಂದ ಬನವಾಸಿ ಪನ್ನಿರ್ಚ್ಛಾಸಿರದವರೆಗೆ

ಪುಣೆಯ ಹೆಸರು ಮೊದಲು ಸಿಗುವುದು ಪೇಶ್ವೆಗಳ ದಫ್ತರದಲ್ಲಲ್ಲ, ರಾಷ್ಟ್ರಕೂಟರ ತಾಮ್ರಪಟಗಳಲ್ಲಿ. ಒಂದನೆಯ ಕೃಷ್ಣನ 758ರ ಶಾಸನ ಈ ಸೀಮೆಯನ್ನು ‘ಪುಣ್ಯ ವಿಷಯ’ ಎಂದು ಕರೆದಿದೆ. ಹತ್ತು ವರ್ಷದ ಮೇಲೆ, 768ರಲ್ಲಿ, ಅದೇ ದೊರೆಯ ಇನ್ನೊಂದು ಶಾಸನದಲ್ಲಿ ಅದು ‘ಪುಣಕ ವಿಷಯ’. ಅಂದಿನ ಆಡಳಿತದಲ್ಲಿ ವಿಷಯ ಎಂದರೆ ಹೆಚ್ಚುಕಡಿಮೆ ಇಂದಿನ ಜಿಲ್ಲೆ. ಎಲ್ಲೋರದ ಕೈಲಾಸ ದೇವಾಲಯವನ್ನು ಬೆಟ್ಟದಿಂದ ಕಡೆಸಿದ ಕೃಷ್ಣನೇ ಈ ಕೃಷ್ಣ.

ಆ 768ರ ತಾಮ್ರಪಟ ದೊರೆತದ್ದು ಪುಣೆ ಜಿಲ್ಲೆಯ ತಳೇಗಾಂವ್‌ನಲ್ಲಿ. ದಾನವಾದ ಊರು ಪುಣಕ ವಿಷಯದ ಕುಮಾರಿಗ್ರಾಮ. ಆದರೆ ಅದನ್ನು ಹೊರಡಿಸುವಾಗ ದೊರೆ ಎಲ್ಲಿದ್ದ? ಗಂಗರ ಮೇಲೆ ದಂಡೆತ್ತಿ ಬಂದು ಗಂಗವಾಡಿಯ ಮಣ್ಣೆಯಲ್ಲಿ ಬೀಡುಬಿಟ್ಟಿದ್ದ. ಮಣ್ಣೆ ಈಗ ಬೆಂಗಳೂರು ಗ್ರಾಮಾಂತರ ಜಿಲ್ಲೆ ನೆಲಮಂಗಲ ತಾಲ್ಲೂಕಿನ ಒಂದು ಹಳ್ಳಿ. ಅಂದು ಮಾನ್ಯಪುರವೆಂಬ ಹೆಸರಿನ ಗಂಗರ ರಾಜಧಾನಿ. ಪುಣೆಯನ್ನು ಹೆಸರಿಸುವ ಅತ್ಯಂತ ಹಳೆಯ ದಾಖಲೆಗಳಲ್ಲಿ ಒಂದು ಹುಟ್ಟಿದ್ದು ಬೆಂಗಳೂರಿನ ಮಗ್ಗುಲಲ್ಲಿ! ಎರಡು ನಗರಗಳ ನಡುವೆ ದಿನವೂ ಓಡಾಡುವ ಸಾವಿರಾರು ಕನ್ನಡಿಗರಿಗೆ ಈ ನಂಟು ತಿಳಿದಿರಬೇಕು ಎಂಬುದು ನನ್ನ ಆಸೆ.

ಶಿವಾಜಿನಗರದ ಜಂಗಲಿ ಮಹಾರಾಜ ರಸ್ತೆಯಲ್ಲಿರುವ ಪಾತಾಳೇಶ್ವರ ಗುಹೆ ಆ ‘ಪುಣಕ ವಿಷಯ’ದ ಕಾಲದ್ದೇ. ಒಂದೇ ಕಪ್ಪು ಬಂಡೆಯನ್ನು ಕೊರೆದು ಮಾಡಿದ 8ನೇ ಶತಮಾನದ ಶಿವಾಲಯ. ಅಂಗಳದಲ್ಲಿ ದುಂಡನೆಯ ನಂದಿ ಮಂಟಪವಿದೆ. ಕೆಲಸ ಪೂರ್ತಿಯಾಗದೆ ನಿಂತಿರುವುದು ಕಣ್ಣಿಗೆ ಕಾಣುತ್ತದೆ.

ಪುಣೆಯ ಪಕ್ಕದ ‘ಮಾವಳ’ ಎಂಬ ಹೆಸರು ಪುಣೆಗಿಂತಲೂ ಹಳೆಯದು. ಕಾರ್ಲೆಯ ಗುಹೆಯಲ್ಲಿರುವ ಸಾತವಾಹನರ ಶಾಸನಗಳಲ್ಲಿ ‘ಮಾಮಾಲ’ ಎಂಬ ಸೀಮೆಯ ಅಮಾತ್ಯನಿಗೆ ಅಪ್ಪಣೆ ಹೋಗಿದೆ. ಭಿಕ್ಷುಗಳಿಗೆ ಒಂದು ಹಳ್ಳಿಯನ್ನು ಬಿಟ್ಟುಕೊಡು ಎಂದು. ಅದಾಗಿ ಸುಮಾರು 1,900 ವರ್ಷ ಸಂದಿವೆ. ಸಾತವಾಹನರು ಹೋದರು, ಚಾಲುಕ್ಯರು, ರಾಷ್ಟ್ರಕೂಟರು, ಯಾದವರು, ಬಹಮನಿಗಳು, ನಿಜಾಮಶಾಹಿ, ಆದಿಲಶಾಹಿ, ಮರಾಠರು, ಇಂಗ್ಲಿಷರು ಬಂದು ಹೋದರು. ಮಾವಳ ಮಾತ್ರ ಅಲ್ಲೇ ಇದೆ. ಇಂದು ಅದು ಪುಣೆ ಜಿಲ್ಲೆಯ ತಾಲ್ಲೂಕು. 2009ರಿಂದ ಲೋಕಸಭಾ ಕ್ಷೇತ್ರದ ಹೆಸರೂ ಹೌದು.

ಸಾತವಾಹನರು ಇಂಥ ಸೀಮೆಯನ್ನು ‘ಆಹಾರ’ ಎನ್ನುತ್ತಿದ್ದರು. ಬಳ್ಳಾರಿ ಸೀಮೆಗೂ ಆಗ ಅದೇ ಬಗೆಯ ಹೆಸರಿತ್ತು: ಸಾತವಾಹನಿಹಾರ. ಹಿರೇಹಡಗಲಿಯಲ್ಲಿ ದೊರೆತ ಪಲ್ಲವರ ತಾಮ್ರಪಟದಲ್ಲಿ ಅದೇ ನೆಲ ‘ಸಾತಾಹನಿ ರಟ್ಠ’.

‘ವಿಷಯ’ ಎಂಬ ಹೆಸರು ರಾಷ್ಟ್ರಕೂಟರಿಗಿಂತ ಮೊದಲೇ ಇತ್ತು. ಜೇಜುರಿಯಲ್ಲಿ ಬಾದಾಮಿ ಚಾಲುಕ್ಯ ವಿನಯಾದಿತ್ಯನ 687ರ ತಾಮ್ರಪಟ ದೊರೆತಿದೆ. ಅದರಲ್ಲಿ ದಾನವಾದ ಊರು ಪಲಯಟ್ಠಾಣ ವಿಷಯದ ವೀರ ಗ್ರಾಮ. ಪಲಯಟ್ಠಾಣವೇ ಇಂದಿನ ಫಲಟಣ. ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನಲ್ಲಿ ವೀರ ಎಂಬ ಊರು ಈಗಲೂ ಇದೆ.

ರಾಷ್ಟ್ರಕೂಟರ ರಾಜ್ಯ ಹೇಗೆ ಹಂಚಿತ್ತು? ದೊಡ್ಡದು ರಾಷ್ಟ್ರ ಅಥವಾ ಮಂಡಲ, ಅದರೊಳಗೆ ವಿಷಯ, ಅದರೊಳಗೆ ಭುಕ್ತಿ, ಕೊನೆಗೆ ಗ್ರಾಮ. ರಾಷ್ಟ್ರಕ್ಕೆ ರಾಷ್ಟ್ರಪತಿ, ವಿಷಯಕ್ಕೆ ವಿಷಯಪತಿ, ಭುಕ್ತಿಗೆ ಭೋಗಪತಿ, ಊರಿಗೆ ಗ್ರಾಮಕೂಟ. ಇದು ಸಂಸ್ಕೃತ ಶಾಸನಗಳ ಭಾಷೆ. ಕನ್ನಡ ಶಾಸನಗಳಿಗೆ ಬಂದರೆ ನಾಡು, ಕಂಪಣ, ಊರು. ನಾಳ್ಗಾವುಂಡ, ಊರ್ಗಾವುಂಡ, ಪೆರ್ಗಡೆ, ಸೇನಬೋವ. ಇಂದಿನ ಗೌಡ, ಹೆಗ್ಗಡೆ, ಶಾನುಭೋಗ, ನಾಡಗೌಡ, ನಾಡಿಗ ಎಂಬ ಮನೆತನದ ಹೆಸರುಗಳೆಲ್ಲ ಈ ಆಡಳಿತದಿಂದ ಬಂದವು.

ಕನ್ನಡ ನಾಡುಗಳ ಹೆಸರಿನ ಜೊತೆಗೆ ಒಂದು ಸಂಖ್ಯೆ ಇರುತ್ತಿತ್ತು. ಬನವಾಸಿ 12,000 (ಶಾಸನಗಳ ಮಾತಿನಲ್ಲಿ ‘ಪನ್ನಿರ್ಚ್ಛಾಸಿರ’), ಗಂಗವಾಡಿ 96,000, ನೊಳಂಬವಾಡಿ 32,000, ಹಲಸಿಯ ಸುತ್ತಲಿನ ಪಲಸಿಗೆ 12,000, ಸವದತ್ತಿಯ ರಟ್ಟರ ಕೂಂಡಿ 3,000, ಹಾನಗಲ್ಲಿನ ಪಾನುಂಗಲ್ 500, ಅಣ್ಣಿಗೇರಿಯ ಸುತ್ತಲಿನ ಬೆಳ್ವೊಲ 300, ಲಕ್ಷ್ಮೇಶ್ವರದ ಪುಲಿಗೆರೆ 300, ಪಟ್ಟದಕಲ್ಲಿನ ಸುತ್ತಲಿನ ಕಿಸುಕಾಡು 70, ಮುಳುಗುಂದ 12. ಪುಣೆಯಿಂದ ತೆಂಕಣಕ್ಕೆ ಇಳಿದರೆ ಕರಾಡದ ಸುತ್ತಲಿನ ಕರಹಾಟ 4,000 ಸಿಗುತ್ತಿತ್ತು. ದಂತಿದುರ್ಗನ 754ರ ಸಾಮನಗಡ ಶಾಸನ ಅಪ್ಪಟ ಸಂಸ್ಕೃತದ್ದು. ಅದರಲ್ಲೂ ಕೊಲ್ಲಾಪುರ ಸೀಮೆಯ ಒಂದು ಭುಕ್ತಿಗೆ ‘ಐನೂರು’ ಎಂಬ ಬಾಲವಿದೆ.

ಈ ಸಂಖ್ಯೆಗಳು ಏನನ್ನು ಹೇಳುತ್ತವೆ? ವಿದ್ವಾಂಸರು ನೂರು ವರ್ಷಕ್ಕೂ ಮೇಲ್ಪಟ್ಟು ಈ ಪ್ರಶ್ನೆಯ ಹಿಂದೆ ಬಿದ್ದಿದ್ದಾರೆ. ಹಳ್ಳಿಗಳ ಎಣಿಕೆ ಎನ್ನುವವರಿದ್ದಾರೆ, ಕಂದಾಯದ ಮೊತ್ತ ಎನ್ನುವವರೂ ಇದ್ದಾರೆ. 12, 30, 70ರಂಥ ಚಿಕ್ಕ ಸಂಖ್ಯೆಗಳು ಹಳ್ಳಿಗಳ ಲೆಕ್ಕವೇ ಎಂದು ಒಪ್ಪಲು ಅಡ್ಡಿಯಿಲ್ಲ. ಒಂದು ನಾಡಿನಲ್ಲಿ ಎಪ್ಪತ್ತು ಊರು ಇರುವುದು ಸಹಜ. ದೊಡ್ಡ ಸಂಖ್ಯೆಗಳಿಗೆ ಈ ಮಾತು ನಿಲ್ಲುವುದಿಲ್ಲ. ಇಂದಿನ ಇಡೀ ಕರ್ನಾಟಕದಲ್ಲಿ ಇರುವುದೇ ಸುಮಾರು 29,000 ಹಳ್ಳಿಗಳು. ಅದರ ತೆಂಕಣ ಭಾಗವಷ್ಟೇ ಆಗಿದ್ದ ಗಂಗವಾಡಿಯಲ್ಲಿ 96,000 ಊರುಗಳು ಎಲ್ಲಿಂದ ಬಂದಾವು? ಇನ್ನೂ ಒಂದು ಗಮನಿಸಿ: 32,000ದ ಮೂರರಷ್ಟು 96,000, 12,000ದ ಎಂಟರಷ್ಟೂ 96,000. ಊರೂರು ತಿರುಗಿ ಎಣಿಸಿದ ಲೆಕ್ಕ ಇಷ್ಟು ನೇರವಾಗಿ ಕೂಡುವುದಿಲ್ಲ. ನೊಳಂಬರ ಸೀಮೆ ಮೊದಲಿಗೆ ‘ನೊಳಂಬಳಿಗೆ 1,000’ ಆಗಿತ್ತು, ಆ ಮನೆತನ ಬಲಿತ ಮೇಲೆ ‘ನೊಳಂಬವಾಡಿ 32,000’ ಆಯಿತು. ಹಾಗಾಗಿ ದೊಡ್ಡ ಸಂಖ್ಯೆ ಎಂದರೆ ರೂಢಿಯಲ್ಲಿ ನಿಂತುಹೋದ ಒಂದು ದರ್ಜೆ, ಆ ಮನೆತನದ ಅಂತಸ್ತಿನ ಅಳತೆ ಎಂದೇ ನನ್ನ ತಿಳಿವಳಿಕೆ.

ಇಂಥ ದೊಡ್ಡ ಸಂಖ್ಯೆಗಳು ಇನ್ನೂ ಇವೆ. ಐಹೊಳೆಯ ಮೇಗುಟಿ ಬಸದಿಯಲ್ಲಿ ರವಿಕೀರ್ತಿ 634ರಲ್ಲಿ ಬರೆಸಿದ ಶಾಸನದ ಪ್ರಕಾರ ಇಮ್ಮಡಿ ಪುಲಕೇಶಿ ಮೂರು ಮಹಾರಾಷ್ಟ್ರಕಗಳ ಒಡೆಯ; ಅವುಗಳ ಹಳ್ಳಿಗಳು 99,000. ಚೋಳರು ತಮ್ಮ ಶಾಸನಗಳಲ್ಲಿ ರಾಷ್ಟ್ರಕೂಟರ, ಆಮೇಲೆ ಚಾಲುಕ್ಯರ ನೆಲವನ್ನು ‘ಇರಟ್ಟಪಾಡಿ ಏಳೂವರೆ ಲಕ್ಷ’ ಎಂದು ಕರೆದಿದ್ದಾರೆ.

ಇಂಥದೇ ಎಣಿಕೆ ಬ್ರಿಟನ್ನಿನ ಪಡುವಣ ಅಂಚಿನ ವೇಲ್ಸ್‌ನಲ್ಲೂ ಇತ್ತು ಎಂದರೆ ನಂಬುತ್ತೀರಾ? ಅಲ್ಲಿನ ಚಿಕ್ಕ ಚಿಕ್ಕ ರಾಜ್ಯಗಳು ‘ಕಾಂಟ್ರೆವ್’ ಎಂಬ ನಾಡುಗಳಾಗಿ ಒಡೆದಿದ್ದವು. ಆ ಹೆಸರಿನ ಅರ್ಥವೇ ನೂರೂರು. ಕಾಂಟ್ರೆವ್‌ನ ಒಳಗೆ ‘ಕುಮುದ್’ ಎಂಬ ಹೋಬಳಿಯಂಥ ಘಟಕ. ವೇಲ್ಸ್‌ನ ಹಳೆಯ ಕಾನೂನು ಗ್ರಂಥಗಳಲ್ಲಿ ಲೆಕ್ಕ ಕರಾರುವಾಕ್ಕಾಗಿದೆ: ನಾಲ್ಕು ಊರಿಗೆ ಒಂದು ಮೈನೊಲ್, ಹನ್ನೆರಡು ಮೈನೊಲ್‌ಗೆ ದೊರೆಯ ಪಾಲಿನ ಎರಡು ಊರು ಸೇರಿದರೆ ಐವತ್ತು ಊರಿನ ಕುಮುದ್, ಎರಡು ಕುಮುದ್ ಸೇರಿದರೆ ನೂರೂರಿನ ಕಾಂಟ್ರೆವ್. ನೆಲದ ಮೇಲೆ ಯಾವ ಕಾಂಟ್ರೆವ್‌ ಕೂಡ ಇಷ್ಟು ಅಚ್ಚುಕಟ್ಟಾಗಿರಲಿಲ್ಲ. ನಮ್ಮ ‘ಪನ್ನಿರ್ಚ್ಛಾಸಿರ’ದ ಹಾಗೆಯೇ ಅದೂ ಕಾಗದದ ಮೇಲಿನ ಆದರ್ಶ.

ಆ ಕಾನೂನುಗಳಿಗೆ ಹೆಸರಾದ ದೊರೆ ಹವೆಲ್ ದ್ಡಾ ತೀರಿಕೊಂಡದ್ದು 950ರಲ್ಲಿ. ನಮ್ಮಲ್ಲಿ ಆಗ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಆಳ್ವಿಕೆ. ಹವೆಲ್‌ನ ಅಜ್ಜ ರೋದ್ರಿ ಗ್ವಿನೆದ್, ಪೊವಿಸ್ ಮೊದಲಾದ ರಾಜ್ಯಗಳನ್ನು ಒಂದೇ ಕೈಗೆ ತಂದವನು, 878ರಲ್ಲಿ ಮಡಿದ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗನ ಆಳ್ವಿಕೆ ಮುಗಿಯಿತು. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿರಲಾರರು. ಆದರೂ ಇಬ್ಬರ ಮುಂದಿದ್ದ ತೊಡಕು ಒಂದೇ: ತಲೆಮಾರುಗಳಿಂದ ಬೇರೂರಿದ ಸ್ಥಳೀಯ ಒಡೆಯರನ್ನು ಕೀಳದೆ, ಅವರ ಮೂಲಕವೇ ಆಳುವುದು.

ನಮ್ಮಲ್ಲಿ ನಾಡನ್ನು ಬಹುಮಾನವಾಗಿಯೂ ಕೊಡುತ್ತಿದ್ದರು! 949ರಲ್ಲಿ ತಕ್ಕೋಲದ ಯುದ್ಧದಲ್ಲಿ ಗಂಗರ ಇಮ್ಮಡಿ ಬೂತುಗ ಚೋಳರ ರಾಜಕುಮಾರ ರಾಜಾದಿತ್ಯನನ್ನು ಕೊಂದ. ಮೆಚ್ಚಿದ ಮುಮ್ಮಡಿ ಕೃಷ್ಣ ಅವನಿಗೆ ಬನವಾಸಿ 12,000, ಬೆಳ್ವೊಲ 300, ಪುಲಿಗೆರೆ 300, ಕಿಸುಕಾಡು 70, ಬಾಗೆನಾಡು 70 ಇಷ್ಟನ್ನೂ ಕೊಟ್ಟ. ಇದನ್ನು ಹೇಳುವ ಕಲ್ಲು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನದು. ಅದೇ ಕಲ್ಲಿನಲ್ಲಿ ಇನ್ನೊಂದು ಕಥೆಯಿದೆ. ಬೂತುಗನ ಕೈಕೆಳಗಿನ ವೀರ ಮಣಲೇರ ಅದೇ ಕಾಳಗದಲ್ಲಿ ಚೆನ್ನಾಗಿ ಹೋರಾಡಿದ್ದ. ಬೇಕಾದ್ದನ್ನು ಕೇಳು ಎಂದಾಗ ಅವನು ನಾಡನ್ನೂ ಕೇಳಲಿಲ್ಲ, ಹೊನ್ನನ್ನೂ ಕೇಳಲಿಲ್ಲ. ‘ಕಾಳಿ’ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಸೆಣಸಿ ಅದನ್ನು ಕೊಂದು ತಾನೂ ಸತ್ತಿತು. ಅದಕ್ಕೆ ಆತಕೂರಿನ ದೇಗುಲದ ಮುಂದೆ ಕಲ್ಲು ನೆಡಿಸಿ ಭೂಮಿ ಬಿಟ್ಟರು. ಮಣಲೇರನಿಗೆ ‘ಆತಕೂರು 12’ ಕೂಡ ದಕ್ಕಿತು. ಸಾಮ್ರಾಟನ ಹನ್ನೆರಡು ಸಾಸಿರದಿಂದ ಸೇವಕನ ಹನ್ನೆರಡು ಊರಿನವರೆಗೆ ಇಡೀ ವ್ಯವಸ್ಥೆ, ನಡುವೆ ಒಂದು ನಾಯಿಯ ಪ್ರೀತಿ: ಎಲ್ಲವೂ ಒಂದೇ ಕಲ್ಲಿನಲ್ಲಿ. ಕನ್ನಡದ ಶಾಸನಗಳಲ್ಲಿ ನನ್ನ ಮನಸ್ಸಿಗೆ ಇದಕ್ಕಿಂತ ಹತ್ತಿರವಾದದ್ದು ಇನ್ನೊಂದಿಲ್ಲ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ನಾಡನ್ನು ಹೆಂಗಸರೂ ಆಳಿದ್ದಾರೆ. ಇಮ್ಮಡಿ ಕೃಷ್ಣನ ಕಾಲದಲ್ಲಿ, 911ರ ಸುಮಾರಿಗೆ, ಬನವಾಸಿ 12,000ಕ್ಕೆ ಸೇರಿದ ನಾಗರಖಂಡ 70ರ ನಾಳ್ಗಾವುಂಡ ಸತ್ತರಸ ನಾಗಾರ್ಜುನ ತೀರಿಕೊಂಡ. ಆ ಹುದ್ದೆ ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂತು. ಆಕೆ ಸಮರ್ಥವಾಗಿ ನಾಡನ್ನು ನಡೆಸಿದಳು. ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟಳು. ತಾಯಿಯಿಂದ ಮಗಳಿಗೆ ನಾಡಿನ ಗೌಡಿಕೆ ಹೋದದ್ದು ಸಾವಿರದ ನೂರು ವರ್ಷದ ಹಿಂದೆ. ಬಂದಣಿಕೆ ಶಿಕಾರಿಪುರ ತಾಲ್ಲೂಕಿನ ಇಂದಿನ ಬಂದಳಿಕೆ.

ಕಲ್ಯಾಣ ಚಾಲುಕ್ಯ ಇಮ್ಮಡಿ ಜಯಸಿಂಹನ ಅಕ್ಕ ಅಕ್ಕಾದೇವಿ ಕಿಸುಕಾಡು 70, ತೊರಗರೆ 60, ಮಾಸವಾಡಿ 140 ನಾಡುಗಳನ್ನು ಆಳಿದವಳು. ಅವಳ ಬಿರುದು ‘ಗುಣದ ಬೆಡಂಗಿ’. 1047ರಲ್ಲಿ ಗೋಕಾಗೆಯ ಕೋಟೆಗೆ, ಅಂದರೆ ಇಂದಿನ ಗೋಕಾಕಕ್ಕೆ, ಮುತ್ತಿಗೆ ಹಾಕಿ ನಿಂತಿದ್ದಳು.

ಬೆಳಗಾವಿ? ಅದು ವೇಣುಗ್ರಾಮ 70. ಗೋವೆಯ ಕದಂಬರ ಕೈಯಲ್ಲಿದ್ದು, 1200ರ ಹೊತ್ತಿಗೆ ಕೂಂಡಿಯ ರಟ್ಟರ ರಾಜಧಾನಿಯಾಯಿತು. ಹೊನ್ನಾವರದ ಕಡೆ ಹೈವೆ 500. ತುಳುನಾಡಿನಲ್ಲಿ ಆಳುಪರ ಆಳ್ವಖೇಡ 6,000. ಕಪಿನಿಯ ದಡದಲ್ಲಿ ಪುನ್ನಾಡು 6,000.

ಕವಿರಾಜಮಾರ್ಗ ಹೇಳುವ ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗಿನದು. ಪುಣೆ ಇರುವುದು ಆ ಎರಡು ನದಿಗಳ ನಡುವೆ. ಆದರೆ ತಿರುಳ್ಗನ್ನಡದ ನೆಲವನ್ನು ಗುರುತಿಸುವಾಗ ಆ ಗ್ರಂಥ ಹಿಡಿದದ್ದು ನಾಲ್ಕು ಊರು: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಇವುಗಳಲ್ಲಿ ಎರಡು ಕಿಸುಕಾಡು 70 ಮತ್ತು ಪುಲಿಗೆರೆ 300ರ ಮುಖ್ಯ ಊರುಗಳು. ರಾಷ್ಟ್ರಕೂಟರ ರಾಜ್ಯ ಮಧ್ಯಪ್ರದೇಶದವರೆಗೆ ಹರಡಿತ್ತು, ಅಲ್ಲಿನ ಜೂರಾ ಎಂಬ ಹಳ್ಳಿಯಲ್ಲಿ ಮುಮ್ಮಡಿ ಕೃಷ್ಣನ ಕನ್ನಡ ಶಾಸನವೇ ಇದೆ. ಭಾಷೆಯ ನಡುಮನೆ ಮಾತ್ರ ಗದಗ-ಬಾಗಲಕೋಟೆ-ಕೊಪ್ಪಳದ ಈ ನಾಡುಗಳಲ್ಲಿತ್ತು.

ಮುಂದೆ ಬಹಮನಿಗಳು ತಮ್ಮ ಪ್ರಾಂತ್ಯಗಳನ್ನು ‘ತರಫ್’ ಎಂದರು. ಮೊದಲು ನಾಲ್ಕು, ಅವರ ಮಂತ್ರಿ ಮಹಮೂದ ಗವಾನ ಅವನ್ನು ಎಂಟಾಗಿ ಒಡೆದ. ಆಗ ಕಲಬುರಗಿಯಿಂದ ವಿಜಯಪುರ ಬೇರೆಯಾಯಿತು, ದೌಲತಾಬಾದಿನಿಂದ ಜುನ್ನರ ಬೇರೆಯಾಯಿತು. ಜುನ್ನರ ಇಂದು ಪುಣೆ ಜಿಲ್ಲೆಯಲ್ಲಿದೆ.

ಆದಿಲಶಾಹಿಯ ದಿನಗಳಿಗೆ ಬಂದರೆ ಪುಣೆಯ ಪಡುವಣಕ್ಕೆ ‘ಬಾರಾ ಮಾವಳ’, ಅಂದರೆ ಹನ್ನೆರಡು ಮಾವಳ. ಸಹ್ಯಾದ್ರಿಯಿಂದ ಇಳಿಯುವ ಒಂದೊಂದು ಹೊಳೆಯ ಕಣಿವೆಯೂ ಒಂದೊಂದು ಮಾವಳ ಅಥವಾ ಖೋರೆ: ಪವನ ಮಾವಳ, ನಾಣೆ ಮಾವಳ, ಆಂದರ ಮಾವಳ, ಗುಂಜಣ ಮಾವಳ, ಹಿರಡಸ ಮಾವಳ, ಮುಠೆ ಖೋರೆ, ಮೋಸೆ ಖೋರೆ, ಕಾನದ ಖೋರೆ, ರೋಹಿಡ ಖೋರೆ... ಪ್ರತಿಯೊಂದಕ್ಕೂ ವಂಶಪಾರಂಪರ್ಯದ ದೇಶಮುಖ, ಲೆಕ್ಕಕ್ಕೆ ದೇಶಪಾಂಡೆ, ಊರಿಗೆ ಪಾಟೀಲ, ಕುಲಕರ್ಣಿ. ವೇಲ್ಸ್‌ನ ಗುಡ್ಡಗಾಡಿನ ಕುಮುದ್‌ಗಳಿಗೆ ನಮ್ಮಲ್ಲಿ ಜೋಡಿ ಹುಡುಕಿದರೆ ಇದಕ್ಕಿಂತ ಹತ್ತಿರದ್ದು ಸಿಗಲಾರದು: ಅಲ್ಲೂ ಇಲ್ಲೂ ಕಣಿವೆಯೇ ಗಡಿ, ಕಣಿವೆಗೊಬ್ಬ ಒಡೆಯ, ಮೇಲಿನ ದೊರೆ ಯಾರಾದರೂ ಸರಿ.

ಶಿವಾಜಿ ಮಹಾರಾಜರ ಸ್ವರಾಜ್ಯ ಕಟ್ಟಿದ್ದು ಈ ಕಣಿವೆಗಳ ಜನರಿಂದ. 1659ರಲ್ಲಿ ಅಫ್ಜಲಖಾನ ಬಂದಾಗ ವಿಜಯಪುರದ ಫರ್ಮಾನಿಗೆ ತಲೆಬಾಗದೆ ಶಿವಾಜಿಯ ಪಕ್ಕಕ್ಕೆ ನಿಂತವನು ರೋಹಿಡ ಖೋರೆಯ ದೇಶಮುಖ ಕಾನ್ಹೋಜಿ ಜೇಧೆ. 1660ರಲ್ಲಿ ಪಾವನಖಿಂಡಿಯಲ್ಲಿ ಪ್ರಾಣ ಕೊಟ್ಟ ಬಾಜಿ ಪ್ರಭು ಹಿರಡಸ ಮಾವಳದ ಬಾಂದಲ ದೇಶಮುಖರ ದೇಶಪಾಂಡೆ; ಅಂದು ಅವನ ಜೊತೆ ನಿಂತವರು ಬಾಂದಲರ ಪಡೆಯವರು. ಆ ಹೊತ್ತಿಗೆ ಶಿವಾಜಿಯ ತಂದೆ, ಪುಣೆಯ ಜಹಗೀರುದಾರ ಶಹಾಜಿ ಬೆಂಗಳೂರಿನಲ್ಲಿ ನೆಲೆಸಿ ಎರಡು ದಶಕಗಳೇ ಆಗಿದ್ದವು. 1664ರಲ್ಲಿ ಅವನು ಮಡಿದದ್ದು ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ. ಸಮಾಧಿ ಅಲ್ಲೇ ಇದೆ.

ದೇಶಮುಖ, ದೇಶಪಾಂಡೆ, ದೇಸಾಯಿ ವತನಗಳನ್ನು ಕಾನೂನಿನ ಮೂಲಕ ತೆಗೆದುಹಾಕಿದ್ದು ಎಂದು? ಮುಂಬಯಿ ರಾಜ್ಯದ ಪರಗಣಾ ಮತ್ತು ಕುಲಕರ್ಣಿ ವತನ ರದ್ದತಿ ಕಾಯ್ದೆ ಬಂದದ್ದು 1950ರಲ್ಲಿ. ಧಾರವಾಡ, ಬೆಳಗಾವಿ, ವಿಜಯಪುರಗಳು ಆಗ ಮುಂಬಯಿಗೆ ಸೇರಿದ್ದರಿಂದ ಪುಣೆಗೂ ಈ ಜಿಲ್ಲೆಗಳಿಗೂ ಒಂದೇ ಕಾಯ್ದೆ. ಸಂವಿಧಾನ ಜಾರಿಗೆ ಬರುವವರೆಗೂ ಮಧ್ಯಯುಗದ ನಾಡಿನ ವ್ಯವಸ್ಥೆ ನಮ್ಮ ನಡುವೆ ಉಸಿರಾಡುತ್ತಿತ್ತು ಎನ್ನುವುದು ಚಿಕ್ಕ ಸಂಗತಿಯಲ್ಲ.

ವೇಲ್ಸ್‌ನಲ್ಲಿ 1536ರ ಕಾನೂನು ಕಾಂಟ್ರೆವ್‌ಗಳನ್ನು ಕೌಂಟಿಗಳೊಳಗೆ ಕರಗಿಸಿತು. ಆದರೆ 1974ರಲ್ಲಿ ಸ್ಥಳೀಯ ಆಡಳಿತವನ್ನು ಹೊಸದಾಗಿ ವಿಂಗಡಿಸುವಾಗ ಗ್ವಿನೆದ್, ಪೊವಿಸ್, ಡವೆದ್, ಗ್ವೆಂಟ್ ಎಂಬ ಹಳೆಯ ರಾಜ್ಯಗಳ ಹೆಸರುಗಳನ್ನೇ ಮತ್ತೆ ಎತ್ತಿ ಇಟ್ಟರು. ನಮ್ಮಲ್ಲಿ ಇಂಥ ಕೆಲಸ ನಡೆದಿಲ್ಲ. ಬೆಳ್ವೊಲ, ಕಿಸುಕಾಡು, ಕೂಂಡಿ, ನಾಗರಖಂಡ ಇವುಗಳಲ್ಲಿ ಒಂದರ ಹೆಸರೂ ಇಂದು ಯಾವ ಜಿಲ್ಲೆಗೂ ಇಲ್ಲ. ಹೊಸ ಜಿಲ್ಲೆ, ಹೊಸ ತಾಲ್ಲೂಕು ಕಟ್ಟುವಾಗ ಇವು ನೆನಪಾಗಬೇಕಿತ್ತು.

ಶಾಸನಗಳಿಂದ ಚರಿತ್ರೆಯನ್ನು ತಿಳಿಯುವ ವಿದ್ಯೆಯನ್ನು ಬೆಳೆಸಿದ್ದರಲ್ಲಿ ಪುಣೆಯ ಪಾಲು ದೊಡ್ಡದು. ಡೆಕ್ಕನ್ ಕಾಲೇಜಿನಲ್ಲಿದ್ದ ರಾ. ಗೋ. ಭಾಂಡಾರಕರ್ ದಖ್ಖನ್ನಿನ ಪ್ರಾಚೀನ ಚರಿತ್ರೆಯನ್ನು 1884ರಲ್ಲಿ ಬರೆದರು. ಅವರ ಹೆಸರಿನ ಸಂಶೋಧನಾ ಮಂದಿರ 1917ರಲ್ಲಿ ಪುಣೆಯಲ್ಲೇ ತೆರೆಯಿತು. ರಾಷ್ಟ್ರಕೂಟರ ಆಡಳಿತವನ್ನು ವಿಷಯ, ಭುಕ್ತಿಗಳ ಮಟ್ಟಕ್ಕಿಳಿದು ಬಿಡಿಸಿ ತೋರಿಸಿದ ಅ. ಸ. ಅಳತೇಕರರ ಗ್ರಂಥವೂ 1934ರಲ್ಲಿ ಅಚ್ಚಾದದ್ದು ಪುಣೆಯಲ್ಲಿ. ಕನ್ನಡ ಜಿಲ್ಲೆಗಳ ರಾಜವಂಶಗಳ ಬಗ್ಗೆ ಜೆ. ಎಫ್. ಫ್ಲೀಟ್ ಬರೆದದ್ದು 1896ರ ಮುಂಬಯಿ ಗ್ಯಾಸೆಟಿಯರಿನಲ್ಲಿ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಊರು ಸಾವಿರ ವರ್ಷದ ಹಿಂದೆ ಯಾವ ನಾಡಿಗೆ ಸೇರಿತ್ತು ಎಂದು ಹುಡುಕಿ. ಹಳೆ ಮೈಸೂರಿನವರಾದರೆ ಬಿ. ಎಲ್. ರೈಸ್ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ತಾಲ್ಲೂಕುವಾರು ಶಾಸನಗಳಿವೆ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯವರು ದಕ್ಷಿಣ ಭಾರತ ಶಾಸನಗಳ 11, 15, 18 ಮತ್ತು 20ನೇ ಸಂಪುಟಗಳನ್ನು ತೆರೆಯಿರಿ. ಪುಣೆಯಲ್ಲಿರುವವರು ಒಂದು ಭಾನುವಾರ ಮಕ್ಕಳನ್ನು ಪಾತಾಳೇಶ್ವರಕ್ಕೆ ಕರೆದುಕೊಂಡು ಹೋಗಿ, ಮಣ್ಣೆಯಿಂದ ಹೊರಟ ಆ ತಾಮ್ರಪಟದ ಸಂಗತಿಯನ್ನು ಹೇಳಿ.